ರಾಚಯ್ಯನ ಎದೆಗೆ ಬರೆ

“ನಿಮ್ಮ ಎದೆಬಡಿತ ಅಡ್ಡಾದಿಡ್ಡಿ ಓಡ್ತಿದೆ, ಮಾತ್ರೆಗೆ ಬಗ್ತಿಲ್ಲ ಯಜಮಾನ್ರೇ. ಹೃದಯದ ಒಳಗೇ ಸ್ವಲ್ಪ ಸುಡಬೇಕಾಗುತ್ತೆ” ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದ್ದೇ ತಡ, ಆಪರೇಷನ್ ಎಂದರೆ ಹೌಹಾರುತ್ತಿದ್ದ ರಾಚಯ್ಯ ನೆಟ್ಟಗೆ ಕೂತ.

“ಸುಡಾದು ಅಂದ್ರೆ? ಬರೆನಾ?”

“ಹಾಗೇ ಅಂದ್ಕೊಳ್ಳಿ. ತೊಡೆಯ ನರದಿಂದ ಸಣ್ಣ ತಂತಿ ಕಳಿಸಿ, ತಾಳ ತಪ್ಪಿಸೋ ಜಾಗಾನ ಸುಡ್ತೀವಿ. ಹೀಗೇ ಬಿಟ್ಟರೆ ಲಕ್ವ ಹೊಡೀಬಹುದು.”

“ಎದೆಗ್ ಆಕೋ ಬರೆಗೆ ತೊಡೆಯಿಂದ ಯಾಕ್ ಸುತ್ತು ಬಳಸು ಡಾಕ್ಟ್ರಮ್ಮ? ನಾನಾಗಿದ್ರೆ ಎದೆ ಮೇಲೇ ಎಳೀತಿದ್ದೆ.”

ಹೆಡತಲೆ ಊರಿನ ಸುತ್ತಮುತ್ತ ಬರೆ ಹಾಕುವುದರಲ್ಲಿ ರಾಚಯ್ಯನದೇ ಎತ್ತಿದ ಕೈ. ಕುಂಟುವ ಎತ್ತಿರಲಿ, ಕಾಮಾಲೆಯ ಮನುಷ್ಯನಿರಲಿ, ಅವನು ಕಾದ ಕಂಬಿ ತಂದನೆಂದರೆ ಮುಗಿಯಿತು. ದನದ ಡಾಕ್ಟರು ಬೈದು ಬೈದು ಸೋತಿದ್ದರು. ಈಗ ಇಷ್ಟು ಓದಿದವರೇ ತನ್ನ ದಾರಿಗೆ ಬಂದರಲ್ಲ! ಊರಿಗೆ ಹೋದವನೇ ಎಸ್‌ಟಿಡಿ ಬೂತಿನ ಪಕ್ಕದ ಟೀ ಅಂಗಡಿಯಲ್ಲಿ ಕೂತು ಸಾರಿದ: “ದೊಡ್ಡಾಸ್ಪತ್ರೇಲೂ ಕೊನೆಗೆ ಬರೇನೇ ಕಣ್ರಪ್ಪಾ!”

ಗೊತ್ತಾದ ದಿನ ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ ಮಲಗಿಸಿದಾಗ ಜಂಬವೆಲ್ಲ ಇಳಿದುಹೋಯಿತು. ಊರಿಗೆಲ್ಲ ಬರೆ ಹಾಕಿದವನು ತಾನು ಒಮ್ಮೆಯೂ ಹಾಕಿಸಿಕೊಂಡವನಲ್ಲ. ಹೆಂಡತಿ ಮರಿತಾಯಮ್ಮನ ಸೆರಗು ಹಿಡಿದುಕೊಂಡ.

“ಮನೆಗ್ ಓಗವಾ ನಡಿಯಮ್ಮಿ.”

“ಇರುವೆ ಕಚ್ಚಿದಂಗಾಯ್ತದೆ, ಅಷ್ಟೆಯಾ ಅಂತ ಎಲ್ರಿಗೂ ನೀನೇ ಯೋಳ್ತಿದ್ದಲ್ಲ?”

“ಅಂಗ್ ಅನ್ನದೆ ಇದ್ರೆ ಯಾರ್ ಕೈ ಕೊಟ್ಟಾರು?”

ಅವಳು ಸೆರಗು ಬಿಡಿಸಿಕೊಂಡಳು. ಗಾಲಿಮಂಚ ಒಳಗೆ ಹೋಯಿತು.

ರಾಚಯ್ಯ ಕಣ್ಣು ಬಿಟ್ಟಾಗ ಡಾಕ್ಟರಮ್ಮ ಎದುರಿಗಿದ್ದರು. “ಇಡ್ಕೊಳಕ್ಕೆ ನಾಕಾಳು ಕರ್ಸಿದ್ದೀರಾ?” ಎಂದು ಕೇಳಿದ.

“ನಿದ್ದೆ ಇಂಜೆಕ್ಷನ್ ಕೊಟ್ಟು ಆಗಲೇ ಮುಗಿಸಿದ್ವಿ. ಎದೆ ಸರಿಯಾಗಿ ಬಡೀತಿದೆ.”

ಅವನಿಗೆ ನಂಬಿಕೆಯೇ ಬರಲಿಲ್ಲ. ಎದೆ ಸವರಿಕೊಂಡ. ಕೂಗಲಿಲ್ಲ, ಒದ್ದಾಡಲಿಲ್ಲ, ಹೀಗೂ ಬರೆ ಹಾಕುವುದುಂಟೇ? ಆಮೇಲೆ ಏನೋ ಹೊಳೆದು ಮುಖ ಸಪ್ಪಗಾಯಿತು.

“ಆ ನಿದ್ದೆ ಸೂಜಿ ಎತ್ತುಗಳ್ಗೂ ಸಿಕ್ತದಾ ಡಾಕ್ಟ್ರಮ್ಮ?” ಎಂದ, ಸಣ್ಣ ದನಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಮರಿತಾಯಮ್ಮ ಹತ್ತಿರ ಬಂದು ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮದುವೆಯಾದ ವರ್ಷ ಕಾಮಾಲೆಗೆಂದು ಅವನೇ ಹಾಕಿದ್ದ ಬರೆ ಅಲ್ಲಿತ್ತು.

“ಎತ್ತಿನ್ ಇಚಾರ ಆಮೇಲ್ ಕೇಳು” ಎಂದಳು.