ಸುಗಂಧಿಯ ಬೆರಳಿನ ಎಳೆ

ಯಾರ ಜ್ವರ ಯಾರಿಗೆ ಹತ್ತಿತೆಂಬುದು ಕಣ್ಣಿಗೇ ಕಾಣುತ್ತಿದ್ದ ಕಾಲ ಅದು. ಅಂಟಿಸಿದವರ ಬೆರಳಿನಿಂದ ಅಂಟಿಸಿಕೊಂಡವರ ಎದೆಗೆ ಕೆಂಪು ಎಳೆಯೊಂದು ಹಬ್ಬಿರುತ್ತಿತ್ತು. ಆಸ್ಪತ್ರೆಯ ಆಯಾಗಳು ಅದನ್ನು ದಾಟಿಕೊಂಡೇ ಕಸ ಗುಡಿಸುತ್ತಿದ್ದರು.

ಆ ಬೆಳಿಗ್ಗೆ ಮುದುಕಿ ಖಾಸಿಂಬಿಯ ಎದೆಯ ಎಳೆ ನರ್ಸ್ ಸುಗಂಧಿಯ ಬೆರಳಿಗೇ ಬಂದು ಮುಟ್ಟಿತ್ತು.

"ತಪ್ಪಾತು ಅಜ್ಜಿ. ದವಾಖಾನಿಯವರಿಗೆ ಲಸಿಕಿ ಮೊದಲ ಬಂದಿತ್ತು. ಪುರಸೊತ್ತಾದಾಗ ಹಾಕಿಸ್ಕೊಂಡ್ರಾತು ಅಂತ ಬಿಟ್ಟೆ," ಎಂದು ಸುಗಂಧಿ ಅತ್ತಳು.

"ಅಳಬ್ಯಾಡ ಬೇಟಿ. ನನಗ ನೀರು ಕುಡಿಸಾಕ ಬಂದಾಕಿ ನೀ ಒಬ್ಬಾಕಿನ," ಎಂದಳು ಮುದುಕಿ.

ಬೈದಿದ್ದರೆ ಸುಗಂಧಿ ತಡೆದುಕೊಳ್ಳುತ್ತಿದ್ದಳು.

ಸಂಜೆ ಖಾಸಿಂಬಿ ತೀರಿಕೊಂಡಳು. ಉಸಿರು ನಿಂತೊಡನೆ ಎಳೆಯೂ ಎಂದಿನಂತೆ ಕರಗಿಹೋಯಿತು. ಊರಿಂದ ಓಡಿಬಂದ ಮಗಳು ಎಳೆ ಕಾಣದೆ, "ಯಾರಿಂದ ಬಂದಿತ್ರಿ ಸಿಸ್ಟರ್?" ಎಂದು ಕೇಳಿದಳು. ಆಯಾಗಳು ಕಸಬರಿಗೆ ಎತ್ತಿಕೊಂಡು ಆಚೆ ಸರಿದರು.

ಸುಗಂಧಿ ತನ್ನ ಬರಿಗೈ ಮುಂದೆ ಚಾಚಿ, "ನನ್ನಿಂದ್ರಿ ಅಕ್ಕಾ," ಎಂದಳು.