ಕಣ್ಣಂಚಿನ ದೀಪ

ಸುಗುಣಾ ಎರಡನೇ ದೋಸೆ ಬಡಿಸುವಾಗ ಗಂಡನ ಬಲಗಿವಿಯ ಹಿಂದೆ ದೀಪ ಝಗ್ಗನೆ ಹೊತ್ತಿತು. ಮಿದುಳು ಏನನ್ನಾದರೂ ಕಂಡು ಎಚ್ಚೆತ್ತರೆ ಹೊತ್ತುವ ಆ ದೀಪವನ್ನು ಕಿವಿ ಚುಚ್ಚಿಸುವ ದಿನವೇ ಎಲ್ಲರಿಗೂ ಎರಡೂ ಕಿವಿಗಳ ಹಿಂದೆ ಕೂರಿಸುತ್ತಾರೆ. ಎಡಗಡೆಯ ನೋಟ ಬಲಮಿದುಳಿಗೆ ಹೋಗುವುದರಿಂದ, ಬಲಗಿವಿಯ ದೀಪ ಹೊತ್ತಿದರೆ ಕಂಡದ್ದು ಎಡಕ್ಕೆ. ಎಡಕ್ಕಿದ್ದ ಕಿಟಕಿಯಾಚೆ ನೆರೆಮನೆಯ ಪಂಕಜಾ ಬಟ್ಟೆ ಒಣಹಾಕುತ್ತಿದ್ದಳು.

"ಏನು ಕಂಡಿತು?"

"ಹಲ್ಲಿ ಕಣೇ."

"ಹಲ್ಲಿ ಬಿಳಿ ಅಂಚಿನ ಕಪ್ಪು ಸೀರೆ ಉಟ್ಟಿತ್ತೇ?"

"ನಾನು ಆ ಕಡೆ ತಿರುಗಿಯೂ ನೋಡಲಿಲ್ಲ, ಮಾರಾಯ್ತಿ!"

ಅದು ನಿಜವೇ. ಕಣ್ಣಂಚಿಗೆ ಕಪ್ಪುಬಿಳುಪು ತಾನಾಗಿ ಎದ್ದು ಕಾಣುತ್ತದೆ. ಆದರೆ ಎದುರಿಗೇ ನಿಂತ ಸುಗುಣಾಳಿಗೆ, ಅವನೇ ಮೆಚ್ಚಿ ತಂದ ಗೋಡೆಬಣ್ಣದ ಸೀರೆಗೆ, ದೀಪ ಮಿನುಗಲೂ ಇಲ್ಲ.

ಅವಳು ಚಟ್ನಿ ಬಡಿಸಿದಳು. ನಾಳೆ ಬೀರುವಿನ ತಳದಲ್ಲಿರುವ ಕಪ್ಪು ಸೀರೆ ಉಡಬೇಕು. ಪಂಕಜಾಳ ಗಂಡ ಜಗುಲಿಯಲ್ಲಿ ಪೇಪರ್ ಓದುವಾಗ, ಅವನ ಕಣ್ಣಂಚಿನಲ್ಲಿ ನಿಧಾನಕ್ಕೆ ಹಾದುಹೋಗಬೇಕು.