ಬೆಲ್ಲದೊಳಗಿನ ಕಬ್ಬಿಣ

ಅಯಸ್ಕಾಂತವನ್ನು ಎಷ್ಟು ಹತ್ತಿರ ಹಿಡಿದರೂ ಕರಿಪುಡಿ ಮಿಸುಕಲಿಲ್ಲ. ಯಶೋಧರಾ ತಲೆಯೆತ್ತಿ ಶಿವಕುಮಾರನನ್ನು ದುರುಗುಟ್ಟಿ ನೋಡಿದಳು.

"ನನ್ನ ಯಾಕ ನೋಡ್ತೀರಿ? ನಾ ಏನ್ ಮಾಡೇನಿ?" ಎಂದ ಅವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವಳಿಗೆ ಅಷ್ಟೇ ಸಾಕಾಯಿತು.

ಗೋಕಾಕದ ಆ ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ ಫರ್ನೇಸ್. ಪಿಎಚ್‌.ಡಿ.ಗಾಗಿ ಅದರ ಮುಂದೆ ಕಾದು ಕೂತವರು ಇಬ್ಬರು, ಅವಳು ಮತ್ತು ಶಿವಕುಮಾರ. ಕುಲಗೋಡದ ಯಶೋಧರಾ ಕಲ್ಲೋಳಿಯ ಬೆಲ್ಲವನ್ನು ಪಿಂಗಾಣಿಯ ಪುಟ್ಟ ಬಟ್ಟಲಲ್ಲಿಟ್ಟು, ಗಾಳಿ ತಾಗದಂತೆ ನೈಟ್ರೋಜನ್ ಹರಿಸಿ ಕಾಯಿಸುತ್ತಿದ್ದಳು. ಬೆಲ್ಲ ಸುಟ್ಟರೆ ಇಂಗಾಲವಾಗುವುದು ಯಾರಿಗೆ ಗೊತ್ತಿಲ್ಲ? ಇವಳ ಬಟ್ಟಲಲ್ಲಿ ಮಾತ್ರ ಕಬ್ಬಿಣದ ಕಾರ್ಬೈಡಿನ ನ್ಯಾನೋಕಣಗಳೂ ಹುಟ್ಟುತ್ತಿದ್ದವು. ಪುಡಿ ಜಿಗಿದು ಅಯಸ್ಕಾಂತಕ್ಕೆ ಅಂಟುತ್ತಿತ್ತು. ಕಬ್ಬಿಣವನ್ನಂತೂ ಯಾರೂ ಹಾಕಿರಲಿಲ್ಲ.

"ಬೆಲ್ಲದಾಗ ಕಬ್ಬಿಣ ಐತಿ ಅಂತ ನಮ್ಮವ್ವ ಹೇಳ್ತಿದ್ಲು. ಖರೇನ ಐತ್ರಿ ಸರ್!" ಎಂದು ಅವಳು ಗೈಡ್ ಮುಂದೆ ಕುಣಿದಾಡಿದ್ದಳು. ಇಡೀ ಪ್ರಬಂಧ ನಿಂತದ್ದು ಅದೊಂದು ಮಾತಿನ ಮೇಲೆ.

ಈಗ ಪರೀಕ್ಷಕರು ಕಣ್ಣಾರೆ ನೋಡಲು ಬರುವವರಿದ್ದರು. ಅವರ ಮುಂದೆ ಪುಡಿ ಅಂಟದಿದ್ದರೆ ಡಾಕ್ಟರೇಟಿಗೆ ಎಳ್ಳುನೀರು.

ಬೆಲ್ಲ ಅದೇ, ಫರ್ನೇಸ್ ಅದೇ. ಕೈಕೊಟ್ಟದ್ದು ಮಾತ್ರ ಕಸ ಗುಡಿಸುವ ದುಂಡವ್ವ ಮಗಳ ಬಾಣಂತನಕ್ಕೆ ಮೂಡಲಗಿಗೆ ಹೋದ ಮೇಲೆ. ದುಂಡವ್ವನ ಕಾವಲಿದ್ದಾಗ ಯಾರೂ ಇತ್ತ ಸುಳಿಯುತ್ತಿರಲಿಲ್ಲ. ಈಗ ಹುಕ್ಕೇರಿ ಬಸ್ಸಿಗೆ ಎಲ್ಲರಿಗಿಂತ ಮೊದಲೇ ಬಂದಿಳಿಯುವ ಶಿವಕುಮಾರನದೇ ರಾಜ್ಯ. ಯಶೋಧರಾ ಕೋಣೆಗೆ ಹೊಸ ಬೀಗ ಹಾಕಿದಳು. ಬಟ್ಟಲುಗಳನ್ನು ತಾನೇ ಶುದ್ಧ ನೀರಲ್ಲಿ ತೊಳೆದು ಮನೆಗೆ ಒಯ್ದಳು. ಆದರೂ ಪುಡಿ ಅಂಟಲಿಲ್ಲ. ಬೀಗಕ್ಕೆ ಕಳ್ಳಕೀಲಿ ಮಾಡಿಸಿದ್ದಾನೆ ಎಂದುಕೊಂಡಳು.

ಕೊನೆಗೆ ಮೂಡಲಗಿಗೇ ಹೋಗಿ ದುಂಡವ್ವನ ಕೈ ಹಿಡಿದು ಅತ್ತುಬಿಟ್ಟಳು.

"ಬಾಣಂತಿ ಬಿಟ್ಟು ಹೆಂಗ ಬರ್ಲಿ ಅಕ್ಕಾರ?"

"ನೀವು ಬರ್ಲಿಲ್ಲಂದ್ರ ನನ್ನ ಬಾಳೇ ಹಾಳಾಗ್ತೈತ್ರಿ."

ದುಂಡವ್ವನ ಕರುಳು ಚುರುಕ್ಕೆಂದಿತು, ಬಂದಳು. ಯಶೋಧರಾ ಹೊಸ ಬೀಗದ ಕೀಲಿಯನ್ನೂ ಬಟ್ಟಲುಗಳನ್ನೂ ಅವಳ ಕಾವಲಿಗೇ ಬಿಟ್ಟಳು. ಕೆಲಸಕ್ಕೆ ಹಾಜರಾದ ಮರುದಿನವೇ ಪುಡಿ ಅಯಸ್ಕಾಂತಕ್ಕೆ ಜಿಗಿಯಿತು. ಶಿವಕುಮಾರನ ಆಟ ಮುಗಿಯಿತೆಂದು ಯಶೋಧರಾಗೆ ಹಿಡಿಸಲಾರದಷ್ಟು ಖುಷಿ.

ಪರೀಕ್ಷಕ ಭೀಮರಾಯರು ಬಂದರು, ತಮ್ಮದೇ ಅಯಸ್ಕಾಂತ ಹಿಡಿದರು. ಪುಡಿ ಗಪ್ಪನೆ ಅಂಟಿತು.

"ಹೊರಗಿನ ಕಬ್ಬಿಣ ಒಂದ್ ಚೂರೂ ಸೇರಿಲ್ಲ, ಹೌದಿಲ್ರಿ?"

"ಒಂದ್ ಚೂರೂ ಇಲ್ರಿ ಸರ್."

ಭೀಮರಾಯರು ಸಹಿ ಮಾಡಲು ಪೆನ್ನು ತೆಗೆದರು. ಶಿವಕುಮಾರನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಹೊಟ್ಟೆಕಿಚ್ಚಿಗೆ ಎಂಥ ನಟನೆ ಎಂದುಕೊಂಡಳು ಯಶೋಧರಾ. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಉಪಕಾರ ಮರೆಯುವ ಹೆಣ್ಣಲ್ಲ ಅವಳು. ಬಾಗಿಲಲ್ಲಿ ನಿಂತಿದ್ದ ದುಂಡವ್ವನನ್ನು ಒಳಗೆ ಕರೆತಂದಳು.

"ಇದರಾಗ ಅರ್ಧ ಪಾಲು ಇವರದ್ರಿ ಸರ್."

"ಹೌದಾ? ಏನ್ ಮಾಡ್ತೀರವ್ವಾ ನೀವು?" ಎಂದು ಭೀಮರಾಯರು ನಗುತ್ತ ಕೇಳಿದರು.

ದುಂಡವ್ವ ಸೆರಗು ಸರಿಮಾಡಿಕೊಂಡಳು. "ಅಕ್ಕಾರು ಬಟ್ಟಲಾ ಬರೇ ನೀರಾಗ ಅದ್ದಿ ಇಡ್ತಾರ್ರಿ, ಕರಕ್ ಭಾಂಡೆ ಹಂಗ ಬಿಟ್ರ ಒಳ್ಳೇದಲ್ಲಂತ ನಾನ ದಿನಾ ಸಂಜೀಕ ಕಬ್ಬಿಣದ ತಾರಿನ ಬ್ರಶ್ ತಗೊಂಡು ಗಸಗಸ ತಿಕ್ತೇನ್ರಿ, ಬ್ರಶ್ಷ ಸವದ್ ಸವದ್ ಹೋಗ್ತಾವ್ ನೋಡ್ರಿ!"